ಶ್ರಾವಣದಲ್ಲಿ ಒದ್ದೆಯಾದ ಬುಟ್ಟಿ

ಎಂಬತ್ನಾಲ್ಕನೇ ಇಸವಿಯ ಶ್ರಾವಣದಲ್ಲಿ ಗಂಗಲಕ್ಷ್ಮಮ್ಮ ಬೆಳಿಗ್ಗೆ ಎದ್ದವಳೇ, ಮುಖಕ್ಕೆ ನೀರು ಕೂಡ ಹಾಕಿಕೊಳ್ಳದೆ, ಹೂವಿನ ಬುಟ್ಟಿಗಳನ್ನು ಮೂಸುತ್ತಿದ್ದಳು. ಮೂರು ಬುಟ್ಟಿ. ಒಂದರಲ್ಲಿ ವರ್ತನೆ ಮನೆಗಳಿಗೆ ದಿನಾ ತಪ್ಪದೆ ಹಾಕುವ ಹೂವು, ಇನ್ನೊಂದರಲ್ಲಿ ಮಾರ್ಕೆಟ್ ಬೀದಿಯಲ್ಲಿ ಕೂತು ಮೊಳ ಹಾಕಿ ಮಾರುವ ಹೂವು, ಮೂರನೆಯದರಲ್ಲಿ ಆಂಜನೇಯನ ಗುಡಿಯ ಹಾರ. ಮೇಲೆ ಮುಚ್ಚಿದ ಗೋಣಿಬಟ್ಟೆ ಸರಿಸಿ ಅವಳು ಮೂಗು ತೂರಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಲ್ಲಿಗೆಯ ವಾಸನೆ ಮಾತ್ರ ಬಂದರೆ ಅಲ್ಲೇ ಗೋಡೆಗೆ ಒರಗಿ ಕೂತುಬಿಡುವಳು. ಬೇರೆ ವಾಸನೆ ಬಂದ ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಆ ಬೇರೆ ವಾಸನೆ ಬೆಕ್ಕಿನ ಉಚ್ಚೆಯದು. ಇದನ್ನು ನಯವಾದ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವುದಿಲ್ಲ. ಮೂಗು ಮುರಿಯುವವರು ಇಲ್ಲೇ ಎದ್ದು ಹೋಗಬಹುದು. ಗಂಗಕ್ಕನ ಆ ಶ್ರಾವಣದ ನಿದ್ದೆ ಕೆಡಿಸಿದ್ದು ಅದೇ.

ನಾನು ಸೀತಾ. ಆಗ ನನಗೆ ಇಪ್ಪತ್ನಾಲ್ಕು, ರಾಜಾಜಿನಗರದ ಒಂದು ಆಫೀಸಿನಲ್ಲಿ ಟೈಪಿಸ್ಟು. ವಿಜಯನಗರದ ಒಂದು ವಠಾರದಲ್ಲಿ ನಾನೂ ಅಮ್ಮನೂ ಇದ್ದೆವು. ಸಾಲಾಗಿ ನಾಲ್ಕು ಮನೆ, ಹಿಂದೆ ಒಂದು ಬಚ್ಚಲು, ಒಂದು ಕಕ್ಕಸು. ನಮ್ಮ ಗೋಡೆಗೆ ಅಂಟಿದ ಕೊನೆಯ ಮನೆ ಗಂಗಕ್ಕನದು. ಮನೆ ಅಂದರೆ ಒಂದು ಕೋಣೆ, ಒಂದು ಒಲೆಮೂಲೆ, ಹಿಂದೆ ತಗಡು ಹೊದಿಸಿದ ಪುಟ್ಟ ಪಡಸಾಲೆ, ಅಷ್ಟೆ. ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತಮ್ಮ ಮುನಿರಾಮಯ್ಯ ಎರಡು ಬೀದಿ ಆಚೆ ಇದ್ದ, ಮಾಗಡಿ ರಸ್ತೆಯ ಮಿಲ್ಲಿನಲ್ಲಿ ಕೆಲಸ. ಮನೆ ಹಿಡಿದುಕೊಟ್ಟವನೂ ಅವನೇ, ಗುಡಿಯ ಹಾರದ ವರ್ತನೆ ಕೊಡಿಸಿದವನೂ ಅವನೇ. ಹಾಗಾಗಿ ಅವನ ಮಾತಿಗೆ ಅವಳು ಎದುರಾಡಿದ್ದಿಲ್ಲ.

ಎದುರಾಡುವ ಜಾಯಮಾನವೂ ಅವಳದಲ್ಲ. ಗಂಗಕ್ಕನಿಗೆ ಎಲ್ಲದಕ್ಕೂ ಭಯ. ಗುಡುಗಿದರೆ ಭಯ, ಪೊಲೀಸಿನವನು ಬೀದಿಯಲ್ಲಿ ಸುಮ್ಮನೆ ಬೀಡಿ ಸೇದುತ್ತಾ ಹೋದರೂ ಭಯ, ರೇಷನ್ ಅಂಗಡಿಯಲ್ಲಿ ಕಾರ್ಡು ಮುಂದಿಡುವಾಗ ಭಯ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗಮ್ಮಾ" ಅಂದರೆ ಇಳಿಯುವ ಜಾಗವೇ ಮರೆತುಹೋಗುತ್ತಿತ್ತು. ನಾನು ರೇಗಿಸುತ್ತಿದ್ದೆ. "ನಿಮ್ಮ ನೆರಳಿಗೂ ಹೆದರ್ತೀರಲ್ಲ ಗಂಗಕ್ಕ" ಅಂದರೆ, "ಅದು ಹಿಂದೆ ಹಿಂದೇನೇ ಬರ್ತದಲ್ಲಮ್ಮ" ಅನ್ನುವಳು. ಹೆದರದೆ ಇದ್ದಿದ್ದು ಬೆಕ್ಕುಗಳ ಜೊತೆ ಮಾತ್ರ.

ಬೆಕ್ಕು ಐದು. ಪಕ್ಕದ ದಿನಸಿ ಗೋಡೌನಿನ ಹೆಗ್ಗಣಗಳು ರಾತ್ರಿ ಬಂದು ಹೂವಿನ ನಾರು ಕಡಿಯುತ್ತಿದ್ದವೆಂದು ಒಂದನ್ನು ತಂದಳು. ಅದು ದೊಡ್ಡಿ. ದೊಡ್ಡಿಗೆ ಕೆಂಪಿ, ಬೂದ, ಸುಣ್ಣಿ ಹುಟ್ಟಿದವು. ಕರಿಯ ಮಾತ್ರ ಹೊರಗಿನವನು. ಒಂದು ಕಿವಿ ಹರಿದ ದಪ್ಪ ಗಂಡು. ಎಲ್ಲಿಂದಲೋ ಬಂದು ಕಾಂಪೌಂಡಿನ ಮೇಲೆ ವಾರಗಟ್ಟಲೆ ಕೂತಿದ್ದು ಕೊನೆಗೆ ಒಳಗೆ ಸೇರಿಕೊಂಡ.

ವಠಾರದಲ್ಲಿ ಮಣ್ಣೆಂಬುದಿಲ್ಲ, ಎಲ್ಲಾ ಗಾರೆ. ಹೊರಗೆ ಹೋದರೆ ಬೀದಿನಾಯಿ. ಅದಕ್ಕೇ ಪಡಸಾಲೆಯಲ್ಲಿ ಅವುಗಳ ಕಕ್ಕಸಿಗೆಂದು ತಟ್ಟೆ ಇಟ್ಟಿದ್ದಳು. ತಟ್ಟೆ ಇಟ್ಟರೆ ಮುಗಿಯಿತೆಂದು ನಾನು ತಿಳಿದಿದ್ದೆ. ಎಲ್ಲಿಯ ಮಾತು! ದೊಡ್ಡಿಗೆ ಜರಡಿ ಹಿಡಿದ ನಯವಾದ ಮರಳೇ ಆಗಬೇಕು, ಒಂದು ಕಲ್ಲು ಕಾಲಿಗೆ ಸಿಕ್ಕರೂ ಇಳಿದು ಹೋಗುವಳು. ಕೆಂಪಿಗೆ ಒಲೆಯ ಬೂದಿ. ಬೂದನಿಗೆ ಸಾಮಿಲ್ಲಿನ ಮರದ ಹೊಟ್ಟು. ಸುಣ್ಣಿ ಹೆದರುಪುಕ್ಕಲಿ, ಗಂಗಕ್ಕನದೇ ಪಡಿಯಚ್ಚು. ಡ್ರಮ್ಮಿನ ಹಿಂದಿನ ಮೂಲೆಯಲ್ಲಿ ಅವಳಿಗೆ ಬೇರೆ ತಟ್ಟೆ ಬೇಕು. ಅದರಲ್ಲಿ ಇನ್ನೊಂದು ಬೆಕ್ಕು ಕೂತು ಎದ್ದಿದ್ದರೆ ಆ ದಿನ ಅವಳು ಅತ್ತ ಸುಳಿಯಳು. ಕರಿಯ ಬಾಗಿಲ ಬಳಿಯ ತಟ್ಟೆಯಲ್ಲಿ, ಎರಡೂ ಕಡೆ ಕಾಣುವಂತೆ ಕೂರುವನು, ಮುಗಿದ ಮೇಲೆ ಮೂರು ನಿಮಿಷ ಕೆರೆದು ಮುಚ್ಚುವನು. ಬೇರೆಯವರು ಸರಿಯಾಗಿ ಮುಚ್ಚದೆ ಹೋಗಿದ್ದರೆ ಅದನ್ನೂ ಇವನೇ ಮುಚ್ಚುವನು.

"ಐದು ಬೆಕ್ಕಿಗೆ ಐದು ಕಕ್ಕಸು. ನಾವು ನಾಲ್ಕು ಮನೆಯೋರು ಒಂದರ ಮುಂದೆ ಚೊಂಬು ಹಿಡ್ಕೊಂಡು ನಿಂತಿರ್ತೀವಿ" ಅಂತ ನಾನು ಅಂದರೆ ಗಂಗಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವಳು. ಆದರೆ ದಿನಾ ಮಧ್ಯಾಹ್ನ ಜರಡಿ ಹಿಡಿಯುವುದು, ಹೊಟ್ಟು ತರುವುದು, ಬೂದಿ ಆರಿಸುವುದು ಒಂದೂ ತಪ್ಪಿಸಲಿಲ್ಲ. ಮನೆಯಲ್ಲಿ ಒಂದು ಚೂರು ನಾತವಿರಲಿಲ್ಲ. ವಠಾರದ ಒಬ್ಬರೂ ಬೆಕ್ಕಿನ ಮೇಲೆ ದೂರು ಹೇಳಿದ್ದಿಲ್ಲ.

ಆ ವರ್ಷ ಶ್ರಾವಣ ಪೂರ್ತಿ ದೇವರ ಹಾರವನ್ನು ಗಂಗಕ್ಕನೇ ಕಟ್ಟಬೇಕೆಂದು ಗುಡಿಯವರು ಹೇಳಿದರು. ಮುನಿರಾಮಯ್ಯನಿಗೆ ಹಿಗ್ಗು. ಗಂಗಕ್ಕನಿಗೆ ಹಿಗ್ಗಿಗಿಂತ ಹೆಚ್ಚು ಭಯ. ಮನೆಯೊಂದೇ ಕೋಣೆ. ಇಲ್ಲಿ ದೇವರ ಹಾರ, ಅಲ್ಲಿ ಮಾರುದೂರದಲ್ಲಿ ಬೆಕ್ಕಿನ ಹೇಲು. ಅಂಜನಮ್ಮ, ಅಂದರೆ ಮುನಿರಾಮಯ್ಯನ ಹೆಂಡತಿ, ಆಗ ಆರು ತಿಂಗಳ ಬಸುರಿ. ಅದಕ್ಕೆ ಮೊದಲು ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ದೇವರಿಗೆ ಮೈಲಿಗೆಯಾಗಿ ಅದರ ದೋಷ ಆ ಮಗುವಿಗೆ ತಗುಲಿದರೆ? ಗಂಗಕ್ಕ ಈ ಯೋಚನೆಯನ್ನು ಯಾರಿಗೂ ಹೇಳದೆ ತಾನೇ ಒಂದು ದಾರಿ ಹುಡುಕಿದಳು. ಹೊಸಹಳ್ಳಿಯ ಕೆಂಚಪ್ಪನ ಮನೆಯಲ್ಲಿ ಹಸುವಿತ್ತು. ದಿನಾ ಬೆಳಿಗ್ಗೆ ಅಲ್ಲಿಂದ ಒಂದು ತಂಬಿಗೆ ಗಂಜಲ ತರುವುದು, ಮನೆಗೆಲ್ಲ ಚಿಮುಕಿಸುವುದು. ಮೈಲಿಗೆಯ ಮೂಲವೇ ಆ ತಟ್ಟೆಗಳಲ್ಲವೇ, ಅದಕ್ಕೇ ಐದೂ ತಟ್ಟೆಗೆ ಒಂದೊಂದು ಬೊಗಸೆ ಧಾರಾಳವಾಗಿ ಸುರಿಯುವುದು. ನಮ್ಮ ಕಡೆ ಯಾರಾದರೂ ಮಾಡುವ ಕೆಲಸವೇ. ನನ್ನ ಅಮ್ಮನಾಗಿದ್ದರೂ ಅದನ್ನೇ ಮಾಡುತ್ತಿದ್ದಳು.

ನಾಲ್ಕು ದಿನ ಕಳೆದಿತ್ತು. ನಾನು ಆಫೀಸಿಗೆ ಹೊರಡುವ ಅವಸರದಲ್ಲಿ ಗಂಗಕ್ಕ ಕೊಟ್ಟ ಒಂದು ಮೊಳ ಮಲ್ಲಿಗೆಯನ್ನು ಜಡೆಗೆ ಸಿಕ್ಕಿಸಲು ಎತ್ತಿದೆ. ಘಾಟು ಮೂಗಿಗೆ ಬಡಿಯಿತು. ನನ್ನ ಬಾಯಿ ಜೋರು, ಹಿಂದೆ ಮುಂದೆ ನೋಡುವುದಿಲ್ಲ. "ಗಂಗಕ್ಕ! ಹೂವಿಗೆ ಬೆಕ್ಕು ಉಚ್ಚೆ ಹುಯ್ದಿದೆ!" ಎಂದು ಜಗಲಿಯಿಂದಲೇ ಕೂಗಿದೆ.

ಅವಳು ಓಡಿ ಬಂದು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಮೆತ್ತಗೆ ಕಣಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಮೆತ್ತಗೆ." ಆ ಬುಟ್ಟಿಯಿಂದ ಆಗಲೇ ಒಂಬತ್ತು ಮನೆಗೆ ಹೂವು ಹೋಗಿತ್ತು. ಒಂಬತ್ತು ಮನೆಯ ದೇವರ ಮೇಲೂ ಅದೇ ಹೂವು. ಅವಳು ನೆಲದ ಮೇಲೆ ಕೂತು ಒಂದೊಂದೇ ಮನೆಯ ಹೆಸರು ಹೇಳುತ್ತಾ ಬೆರಳು ಮಡಚಿದಳು. ಅವತ್ತು ನಾನು ಬಸ್ಸು ತಪ್ಪಿಸಿಕೊಂಡೆ.

ಮಾರನೆಯ ದಿನ ಗಂಗಕ್ಕ ಒಂದು ತಂಬಿಗೆಯ ಬದಲು ಎರಡು ತಂಬಿಗೆ ಗಂಜಲ ತಂದಳು. ಮೂರನೆಯ ದಿನ ಬುಟ್ಟಿ ಮತ್ತೆ ಒದ್ದೆ. ಆ ಹೂವನ್ನೆಲ್ಲ ವಠಾರದ ಆಚೆ ಮಣ್ಣಿನಲ್ಲಿ ಹೂತು, ಬುಟ್ಟಿಯನ್ನು ಕಲ್ಲಿಗೆ ಉಜ್ಜಿ, ಇನ್ನಷ್ಟು ಗಂಜಲ ಹಾಕಿದಳು. ದೇವರು ಕೋಪಗೊಂಡು ಎಚ್ಚರಿಕೆ ಕೊಡುತ್ತಿದ್ದಾನೆಂದು ಅವಳಿಗೆ ಖಾತ್ರಿಯಾಯಿತು. ವರ್ತನೆ ಮನೆಯವರು ಬಾಗಿಲು ತೆರೆಯುವಷ್ಟರಲ್ಲಿ ಅವಳ ಎದೆ ಬಾಯಿಗೆ ಬರುತ್ತಿತ್ತಂತೆ. "ಹೂವು ತಗೊಳ್ಳುವಾಗ ಆಯಮ್ಮ ಮೂಸಿ ನೋಡಿದ್ಲು ಕಣಮ್ಮ" ಅಂತ ಬಂದು ನನಗೆ ಹೇಳುವಳು. ಮಲ್ಲಿಗೆ ಕೈಗೆ ಬಂದರೆ ಯಾರು ಮೂಸುವುದಿಲ್ಲ ಹೇಳಿ!

ಒಂದು ಗುರುವಾರ ಮುನಿರಾಮಯ್ಯ ಗುಡಿಗೆ ಹಾರ ಒಯ್ಯಲು ಬಂದ. ನಾನು ನಲ್ಲಿಯ ಬಳಿ ಇದ್ದೆ. ಅವನು ಹಾರದ ಬುಟ್ಟಿ ಎತ್ತಿಕೊಂಡು ಹೊಸ್ತಿಲು ದಾಟಿದವನು ನಿಂತ. ಬಗ್ಗಿ ಮೂಸಿದ. ಆಮೇಲೆ ಹಾವು ಮುಟ್ಟಿದವನ ಹಾಗೆ ಕೆಳಗಿಟ್ಟು ನಲ್ಲಿಗೆ ಬಂದು ಮೂರು ಸಲ ಕೈ ತೊಳೆದ.

"ಎಷ್ಟು ದಿನದಿಂದ ಅಕ್ಕ?"

ಗಂಗಕ್ಕ ಬಾಗಿಲ ಹಿಂದಿನಿಂದ ಏನೋ ಅಂದಳು. ಕೇಳಿಸಲಿಲ್ಲ.

"ನಾನು ಇದನ್ನ ಹನುಮಪ್ಪನ ಕೊರಳಿಗೆ ಹಾಕ್ಸಿದೀನಾ? ಹೇಳು. ಹಾಕ್ಸಿದೀನಾ?"

"ಇಲ್ಲ ಕಣೋ. ದೇವರ ಬುಟ್ಟಿಗೆ ಇದೇ ಮೊದಲು. ಅಮ್ಮನಾಣೆ."

ಬೈಯುತ್ತಾನೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ, ತಿರುಗಿ ಬೈಯೋಣವೆಂದು. ಅವನು ಬೈಯಲಿಲ್ಲ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ಎರಡು ಹೋಗಿವೆ ಅಕ್ಕ. ಇದೂ ಹೋದ್ರೆ ಅವಳು ಬದುಕಲ್ಲ. ಯಾವ ಬೆಕ್ಕು ಅಂತ ಭಾನುವಾರದೊಳಗೆ ಹೇಳು. ಅದೊಂದನ್ನ ಚೀಲಕ್ಕೆ ಹಾಕಿ ಉಲ್ಲಾಳದ ಕಡೆ ಬಿಟ್ಟು ಬರ್ತೀನಿ. ಗೊತ್ತಿಲ್ಲ ಅಂದ್ರೆ ಐದೂ ಹೋಗ್ಬೇಕು."

ಉಲ್ಲಾಳ ಆಗ ಊರಾಚೆಯ ಹಳ್ಳಿ. ಕೆರೆ, ಹೊಲ, ನಾಯಿ, ನರಿ. ಬೇಡದ ಬೆಕ್ಕನ್ನು ಅಲ್ಲಿ ಬಿಡುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಅಲ್ಲಿಂದ ಒಂದೂ ತಿರುಗಿ ಬಂದಿದ್ದನ್ನು ನಾನು ಕೇಳಿಲ್ಲ.

ಮೂರು ದಿನ ಗಂಗಕ್ಕ ಹೂವು ಕಟ್ಟುತ್ತಲೇ ಬೆಕ್ಕುಗಳ ಮೇಲೆ ಕಣ್ಣಿಟ್ಟಳು. ಬುಟ್ಟಿಯ ಮೇಲೆ ಹಲಗೆ ಮುಚ್ಚಿ ಕಲ್ಲು ಹೇರಿದರೆ ಹೂವು ಬೆಂದು ಕಪ್ಪಾಗುತ್ತಿತ್ತು. ಬೆಕ್ಕುಗಳನ್ನು ಹೊರಗೆ ಕಟ್ಟಿದರೆ ವಠಾರವೆಲ್ಲ ಕೇಳುವಂತೆ ಅರಚುತ್ತಿದ್ದವು. ಅವಳು ಊಟ ಬಿಟ್ಟಳು. ನಾರಿನ ಗಂಟು ತಪ್ಪುತ್ತಿತ್ತು, ಮೂವತ್ತು ವರ್ಷದಲ್ಲಿ ತಪ್ಪದ ಗಂಟು. "ಯಾವುದು ಅಂತ ಗೊತ್ತಾಗೋದು ಬೇಡ ಅನ್ಸುತ್ತೆ, ಗೊತ್ತಾಗ್ದೇ ಇದ್ರೆ ಐದೂ ಹೋಗ್ತವಲ್ಲ ಕಣಮ್ಮ" ಅಂದಳು.

ಶನಿವಾರ ಮಧ್ಯಾಹ್ನ ನನಗೆ ರಜೆ. ನಾನೂ ಅವಳ ಜೊತೆ ಬಾಗಿಲ ಸಂದಿಯಲ್ಲಿ ಕೂತೆ. ನನ್ನ ತಾಳ್ಮೆ ಎಷ್ಟೆಂದು ಎಲ್ಲರಿಗೂ ಗೊತ್ತು. ಅರ್ಧ ಗಂಟೆಗೇ ಸಾಕಾಗಿ, ಗಂಗಕ್ಕನನ್ನೂ ಎಬ್ಬಿಸಿಕೊಂಡು ನಲ್ಲಿಗೆ ಹೋಗಿ ನೀರು ಕುಡಿದು ಬಂದೆ. ಆಗ ಒಳಗೆ ಪರಪರ ಸದ್ದು. ಇಣುಕಿ ನೋಡಿದರೆ ಕರಿಯ ಬುಟ್ಟಿಯ ಅಂಚಿನ ಮೇಲೆ ಮುಂಗಾಲಿಟ್ಟು ಗೋಣಿಬಟ್ಟೆಯನ್ನು ಕೆರೆಯುತ್ತಿದ್ದಾನೆ, ಎಳೆದು ಎಳೆದು ಮುಚ್ಚುತ್ತಿದ್ದಾನೆ. ನಾನು ನುಗ್ಗಿ ಬಟ್ಟೆ ಎತ್ತಿದೆ. ಬಿಸಿಯಾಗಿ ಒದ್ದೆ.

"ಇವನೇ ಗಂಗಕ್ಕ! ಸಿಕ್ಕಿಬಿದ್ದ ನೋಡಿ ಕಳ್ಳ!" ಅಂದೆ. ಹೌದು, ನಾನೇ ಅಂದಿದ್ದು. ಅವಳಲ್ಲ.

ಭಾನುವಾರ ಒಂಬತ್ತು ಗಂಟೆಗೆ ಮುನಿರಾಮಯ್ಯ ಸೈಕಲ್ ಮೇಲೆ ಗೋಣಿಚೀಲ ಹಾಕಿಕೊಂಡು ಬಂದ. ಕರಿಯ ಕಾಂಪೌಂಡಿನ ಮೇಲಿದ್ದ. ಮುನಿರಾಮಯ್ಯ ಹತ್ತಿರ ಹೋದರೆ ಗುರ್ ಎಂದು ಹಿಂದೆ ಸರಿದ. ನಾನು ಹೋದರೂ ಅಷ್ಟೆ. ಕೊನೆಗೆ ಮುನಿರಾಮಯ್ಯ ಚೀಲವನ್ನು ಬಾಗಿಲ ಹಿಂದೆ ಹಿಡಿದು ನಿಂತು, "ನೀನೇ ಕರಿ ಅಕ್ಕ" ಅಂದ.

ಗಂಗಕ್ಕ ಅಂಗಳಕ್ಕೆ ಬಂದಳು. ಕೈ ಚಾಚಿ "ಕರಿಯಾ, ಬಾರೋ ನನ್ನಪ್ಪಾ" ಅಂದಳು. ಅವನು ಥಟ್ಟನೆ ಧುಮುಕಿ, ಬಾಲ ನೆಟ್ಟಗೆ ಮಾಡಿಕೊಂಡು ಬಂದು ಅವಳ ಕಾಲಿಗೆ ತಲೆ ಉಜ್ಜಿದ. ಅವಳು ಎತ್ತಿಕೊಂಡಳು. ಎತ್ತಿಕೊಂಡು ತಾನೇ ಚೀಲದೊಳಗೆ ಬಿಟ್ಟಳು, ಬೇರೆಯವರ ಕೈ ಅವನು ಸಹಿಸುವುದಿಲ್ಲವಲ್ಲ. ಬಾಯಿ ಕಟ್ಟಲು ಬಾಳೆನಾರು ಕೊಟ್ಟವಳೂ ಅವಳೇ. ಸೈಕಲ್ ಬೀದಿಯ ತಿರುವು ದಾಟುವವರೆಗೂ ಚೀಲದಿಂದ ಒಂದು ಸದ್ದೂ ಬರಲಿಲ್ಲ. ಆಮೇಲೆ ಒಂದು ಕೂಗು ಬಂತು. ಗಂಗಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ಬೆಳಿಗ್ಗೆ ಬುಟ್ಟಿ ಒದ್ದೆಯಾಗಿತ್ತು.

ಅವಳು ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ತೋರಿಸಿದಳು. ಇಬ್ಬರೂ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಆಗ ಹೊಳೆಯಿತು: ಕರಿಯ ಶನಿವಾರ ಮಾಡುತ್ತಿದ್ದದ್ದು ಮುಚ್ಚುವ ಕೆಲಸ. ಬೇರೆ ಯಾರದೋ ಕೊಳೆಯನ್ನು, ತಟ್ಟೆಯಲ್ಲಿ ಮುಚ್ಚುತ್ತಿದ್ದ ಹಾಗೆಯೇ, ಬುಟ್ಟಿಯಲ್ಲೂ ಮುಚ್ಚುತ್ತಿದ್ದ. ಇಷ್ಟು ವರ್ಷ ಅವನನ್ನು ನೋಡಿಯೂ ನಮ್ಮಿಬ್ಬರಿಗೂ ಅದು ತೋಚಿರಲಿಲ್ಲ.

"ಸೀತಮ್ಮ, ಮುನಿರಾಮಂಗೆ ಬಾಯಿ ಬಿಡಬೇಡ. ನಾಲ್ಕನ್ನೂ ಒಯ್ತಾನೆ." ಅವಳ ಕಣ್ಣುಗುಡ್ಡೆ ಹೊರಗೆ ಬಂದಿತ್ತು. "ಏನೂ ಮಾಡ್ದೋನನ್ನ ನಾನು ಕೈಯಾರೆ ಹಾಕ್ದೆ ಕಣಮ್ಮ. ದೇವರು ಇನ್ನು ಬಿಡ್ತಾನಾ?"

ತಪ್ಪು ನನ್ನದೂ ಇತ್ತು, ಅದನ್ನು ಆಗಲೇ ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಅಂದಿನಿಂದ ಅವಳು ಮೂರು ತಂಬಿಗೆ ತರತೊಡಗಿದಳು. ಗುಡಿಯ ಹಾರವನ್ನು ಮಾತ್ರ ನಮ್ಮ ಮನೆಯಲ್ಲಿ ಕೂತು ಕಟ್ಟಿ, ನಮ್ಮ ದೇವರ ಗೂಡಿನ ಕೆಳಗೇ ಇಡುತ್ತಿದ್ದಳು. ಯಾಕೆಂದು ಅಮ್ಮ ಕೇಳಿದಾಗ ಇಲಿ ಎಂದೆ. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಗಂಗಕ್ಕ ಎದ್ದು ನಿಲ್ಲುವಳು. ಮುನಿರಾಮಯ್ಯ ಬಂದು ಬುಟ್ಟಿಗಳತ್ತ ಮೂಗು ತಿರುಗಿಸಿದರೆ ಅವಳ ಉಸಿರು ನಿಲ್ಲುವುದು ಪಕ್ಕದಲ್ಲಿದ್ದ ನನಗೇ ತಿಳಿಯುತ್ತಿತ್ತು.

ಹೀಗಿರುವಾಗ ಕೆಂಚಪ್ಪನ ಹಸುವಿಗೆ ಕಾಯಿಲೆಯಾಯಿತು. ಡಾಕ್ಟರು ಬಂದು ಸೂಜಿ ಹಾಕಿದರು. "ಸೂಜಿ ಹಾಕಿದ ಹಸಿನ ಗಂಜಲ ಪೂಜೆಗೆ ಆಗಕ್ಕಿಲ್ಲ ಕಣಮ್ಮ, ಐದು ದಿನ ಬರ್ಬೇಡಿ" ಎಂದು ಕೆಂಚಪ್ಪ ಖಾಲಿ ತಂಬಿಗೆ ವಾಪಸ್ ಕಳಿಸಿದ. ಗಂಗಕ್ಕ ಹೆದರಿ ಬಿಳುಚಿಕೊಂಡಳು. ಗಂಜಲವೂ ಇಲ್ಲವೆಂದರೆ ಇನ್ನೇನು ಗತಿ? ತಟ್ಟೆಗಳನ್ನು ನೀರಿನಲ್ಲಿ ತೊಳೆದು, ಹೊಸ ಮರಳು, ಹೊಸ ಬೂದಿ, ಹೊಸ ಹೊಟ್ಟು ತುಂಬಿಸಿದಳು. ಬೇರೇನು ಮಾಡಲೂ ತೋಚಲಿಲ್ಲ.

ಐದು ದಿನವೂ ಬುಟ್ಟಿ ಒಣಗಿತ್ತು. ದೇವರಿಗೆ ಕರುಣೆ ಬಂತೆಂದುಕೊಂಡು ಅವಳು ಐದನೆಯ ದಿನ ಒಂದು ತುತ್ತು ಹೆಚ್ಚು ಉಂಡಳು. ಆರನೆಯ ದಿನ ಕೆಂಚಪ್ಪ ಗಂಜಲ ಕೊಟ್ಟ. ತಟ್ಟೆಗೆಲ್ಲ ಹಾಕಿದಳು. ಅಂದು ಕೃಷ್ಣಾಷ್ಟಮಿ, ನನಗೆ ರಜೆ. ಹತ್ತು ಗಂಟೆಯ ಹೊತ್ತಿಗೆ ಗಂಗಕ್ಕ ಬರಿಗಾಲಲ್ಲಿ ನಮ್ಮ ಮನೆಗೆ ಬಂದು, ಮಾತಾಡದೆ, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದಳು.

ಸುಣ್ಣಿ ಪಡಸಾಲೆಯಲ್ಲಿದ್ದಳು. ಡ್ರಮ್ಮಿನ ಹಿಂದಿನ ತನ್ನ ತಟ್ಟೆಯ ಬಳಿ ಹೋದಳು. ಮೂತಿ ಚಾಚಿದಳು. ಹೊಡೆತ ತಿಂದವಳ ಹಾಗೆ ತಲೆ ಹಿಂದಕ್ಕೆಳೆದುಕೊಂಡಳು. ಬೇರೆ ತಟ್ಟೆಗೆ ಹೋದಳು, ಅಲ್ಲೂ ಹಾಗೆಯೇ. ಎಲ್ಲದರಲ್ಲೂ ಅದೇ ವಾಸನೆ, ತನಗಿಂತ ನೂರು ಪಾಲು ದೊಡ್ಡ ಯಾವುದೋ ಪ್ರಾಣಿ ಬಂದು ಐದೂ ಕಡೆ ಉಚ್ಚೆ ಹುಯ್ದು ಇದು ನನ್ನ ಜಾಗ ಅಂದ ಹಾಗೆ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಅತ್ತ ಇತ್ತ ನೋಡಿ, ಹೂವಿನ ಬುಟ್ಟಿಗೆ ಹತ್ತಿದಳು. ಮೆತ್ತಗಿರುವ, ತಂಪಾಗಿರುವ, ಯಾರೂ ಹುಯ್ಯದಿರುವ ಜಾಗ ಆ ಮನೆಯಲ್ಲಿ ಅದೊಂದೇ ಉಳಿದಿತ್ತು. ಅವಳ ಬೆನ್ನು ನಡುಗುತ್ತಿತ್ತು.

"ಬೆಳಗ್ಗಿಂದ ಎರಡನೇ ಸಲ ನೋಡ್ತಿರೋದು ನಾನು" ಎಂದು ಗಂಗಕ್ಕ ಪಿಸುಗುಟ್ಟಿದಳು. "ನಾನೇ ಕಣಮ್ಮ. ಶುದ್ಧ ಮಾಡ್ತೀನಿ ಮಾಡ್ತೀನಿ ಅಂತ ನಾನೇ ಓಡಿಸ್ತಿದ್ದೆ."

ಅಂದಿನಿಂದ ತಟ್ಟೆಗಳಿಗೆ ಗಂಜಲ ನಿಂತಿತು. ದೇವರ ಮೂಲೆಗೆ ಮಾತ್ರ ಎರಡು ತೊಟ್ಟು. ಬುಟ್ಟಿ ಮತ್ತೆ ಒದ್ದೆಯಾಗಲಿಲ್ಲ, ಒಂದು ದಿನವೂ. ಮುನಿರಾಮಯ್ಯ ಸಮಾಧಾನದಿಂದ "ನೋಡ್ದಾ ಅಕ್ಕ, ಆ ಕರಿಯನೇ" ಅಂದ. ಅವನಿಗೆ ನಿಜ ಹೇಳೋಣವೆಂದು ನಾನು ಬಾಯಿ ತೆರೆದೆ, ಗಂಗಕ್ಕ ಕಣ್ಣಿನಲ್ಲೇ ಬೇಡವೆಂದಳು. ಮಗು ಹುಟ್ಟುವವರೆಗೆ ಅವನಿಗೆ ಇನ್ನೊಂದು ಹೆದರಿಕೆ ಬೇಡ ಎಂಬುದು ಅವಳ ಲೆಕ್ಕ. ಮಾರ್ಗಶಿರದಲ್ಲಿ ಅಂಜನಮ್ಮನಿಗೆ ಹೆಣ್ಣುಮಗುವಾಯಿತು, ಚೆನ್ನಾಗಿಯೇ ಆಯಿತು. ಆದರೆ ಅದು ಆಮೇಲಿನ ಮಾತು.

ಕರಿಯ ಹೋಗಿ ಮೂರು ವಾರವಾಗಿತ್ತು. ಉಲ್ಲಾಳಕ್ಕೆ ಹೋಗಿ ಹುಡುಕಲು ಗಂಗಕ್ಕನಿಗೆ ಭಯ. ಏನು ಕಂಡೀತೋ ಎಂದು. ಹೋಗದೆ ಇರಲೂ ಭಯ, ಅವನು ಅಲ್ಲೇ ಕಾಯುತ್ತಾ ಕೂತಿದ್ದರೆ ಎಂದು. ನನಗೆ ರೇಗಿತು. "ನಾಳೆ ಭಾನುವಾರ, ಇಬ್ಬರೂ ಹೋಗ್ತಾ ಇದೀವಿ, ಏಳಿ" ಅಂದೆ. ನಿಜ ಹೇಳಬೇಕೆಂದರೆ ಹೋಗಬೇಕಾದವಳು ನಾನೇ. ಕಳ್ಳ ಅಂದ ಬಾಯಿ ನನ್ನದಲ್ಲವೇ.

ಬಸ್ಸು ಇಳಿದ ಮೇಲೆ ಎರಡು ಮೈಲಿ ನಡಿಗೆ. ಎರಡೂ ಕಡೆ ಮೊಣಕಾಲೆತ್ತರದ ರಾಗಿ ಪೈರು. ಗಂಗಕ್ಕ ಒಂದು ಡಬ್ಬಿಯಲ್ಲಿ ಮೊಸರನ್ನ, ಅದರೊಳಗೆ ಎರಡು ಒಣ ಕರಿಮೀನು ಕಲಸಿ ತಂದಿದ್ದಳು. ಕೆರೆ ಏರಿಯ ಕೆಳಗೆ ಹಳ್ಳದಲ್ಲಿ ಕಪ್ಪಗೆ ಏನೋ ಬಿದ್ದಿತ್ತು. ಅವಳು ನಿಂತು ನನ್ನ ತೋಳಿಗೆ ಉಗುರು ಊರಿದಳು. "ನೀನು ನೋಡು. ನನ್ನ ಕೈಲಾಗಲ್ಲ." ಇಳಿದು ನೋಡಿದೆ. ಹಳೆಯ ಟೈರಿನ ತುಂಡು. ಅದನ್ನು ಎತ್ತಿ ತೋರಿಸಿದರೂ ಅವಳಿಗೆ ನಂಬಿಕೆ ಬರಲು ಹೊತ್ತು ಹಿಡಿಯಿತು. ಮುಂದೆ ಎರಡು ನಾಯಿಗಳು ಬೆನ್ನಟ್ಟಿದವು. ಯಾವ ನಾಯಿ ಕಂಡರೂ ಓಡುವ ಗಂಗಕ್ಕ ಅವತ್ತು ಓಡಲಿಲ್ಲ, ಅವುಗಳ ಬಾಯಿಯನ್ನೇ ನೋಡುತ್ತಾ ನಿಂತಳು.

ಹಳ್ಳಿಯ ಮೊದಲ ಮನೆಯ ಮುಂದೆ ಒಬ್ಬ ಮುದುಕಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಹೆಸರು ಲಿಂಗಮ್ಮ. ಕಿವಿ ಹರಿದ ಕರಿ ಬೆಕ್ಕು ಅಂದ ತಕ್ಷಣ ಬೆರಳು ತೋರಿಸಿದಳು. ಹಿತ್ತಲಿನ ಬೂದಿಗುಂಡಿಯ ಹತ್ತಿರ, ಮೋಟುಗೋಡೆಯ ಮೇಲೆ, ಬಿಸಿಲಿಗೆ ಹೊಟ್ಟೆ ಕೊಟ್ಟು ಕರಿಯ ಮಲಗಿದ್ದ.

ಗಂಗಕ್ಕ ಕಂಬ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಧಾರಾಕಾರ. ನಾನೂ ಅತ್ತೆ, ಅದನ್ನೇಕೆ ಮುಚ್ಚಿಡಲಿ.

"ಬಂದಾಗ ಮೂಳೆ ಎಣಿಸಂಗಿತ್ತು ಕಣವ್ವ" ಅಂದಳು ಲಿಂಗಮ್ಮ. "ಈಗ ನೋಡಿ. ಬಲೇ ಸಾಧು. ಯಾರು ಕರದ್ರೂ ಬತ್ತದೆ. ನನ್ನ ಮೊಮ್ಮಗಳು ಬಾಲ ಹಿಡ್ದು ಎಳುದ್ರೂ ಸುಮ್ಕಿರ್ತದೆ. ಕರೀರಿ, ಬತ್ತದೆ."

ಗಂಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ನಾಲ್ಕು ಹೆಜ್ಜೆ ಮುಂದೆ ಹೋದಳು. "ಕರಿಯಾ, ಬಾರೋ ನನ್ನಪ್ಪಾ" ಅಂದಳು.

ಅವನು ತಲೆ ಎತ್ತಿದ. ಅವಳನ್ನು ನೋಡಿದ. ಇದ್ದ ಒಂದೂವರೆ ಕಿವಿ ತಲೆಗೆ ಅಂಟಿತು, ಮೈಯ ರೋಮವೆಲ್ಲ ನಿಂತಿತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೆಂಚಿನ ಮೇಲಕ್ಕೆ ಹಾರಿ, ಸೂರಿನ ಆ ತುದಿಯಲ್ಲಿ ಮುದುರಿ ಕೂತ. ಅಲ್ಲಿಂದ ಕೊರಳೊಳಗೆ ಒಂದು ಸದ್ದು ಮಾಡಿದ. ಆ ಸದ್ದು ನಾನು ಮುಂಚೆ ಒಂದೇ ಸಲ ಕೇಳಿದ್ದೆ, ಸೈಕಲ್ ತಿರುವು ದಾಟಿದ ಮೇಲೆ.

"ಅಯ್ಯೋ, ಇದ್ಯಾಕೆ ಹಿಂಗೆ! ಯಾರಿಗೂ ಹಿಂಗೆ ಮಾಡಿದ್ದಿಲ್ಲ" ಅಂದಳು ಲಿಂಗಮ್ಮ.

ಗಂಗಕ್ಕ ಇನ್ನೊಂದು ಸಲ ಕರೆಯಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, "ಬದುಕಿದಾನಲ್ಲ ಗಂಗಕ್ಕ, ಅದೇ ದೊಡ್ಡದು" ಅಂದೆ. ಅವಳು ಸೂರನ್ನೇ ನೋಡುತ್ತಿದ್ದಳು.

"ನಂಗೆ ಎಲ್ಲರ ಕಂಡ್ರೂ ಭಯ ಕಣಮ್ಮ. ಆದ್ರೆ ನನ್ನ ಕಂಡು ಭಯ ಪಡೋ ಜೀವ ಈ ಭೂಮಿ ಮೇಲೆ ಒಂದೂ ಇರ್ಲಿಲ್ಲ."

ಅವಳು ಡಬ್ಬಿಯ ಅನ್ನವನ್ನು ಮೋಟುಗೋಡೆಯ ಮೇಲೆ ಸುರಿದಳು. ನಾವು ಹೋದ ಮೇಲೆ ಕರೆಯಿರಿ ಎಂದು ಲಿಂಗಮ್ಮನಿಗೆ ಹೇಳಿ, ಖಾಲಿ ಡಬ್ಬಿ ಹಿಡಿದು ನಡೆದಳು. ನಾವು ಬೇಲಿ ದಾಟಿದೆವು. ಹಿಂದಿನಿಂದ ಲಿಂಗಮ್ಮ "ಬಾ, ಬಾ" ಎಂದು ಕರೆಯುವುದು ಕೇಳಿಸಿತು. ಗಂಗಕ್ಕ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಕರಿಯ ಇಳಿದು ಬಂದು ತಿನ್ನುತ್ತಿದ್ದ.